ಜಾಮೀನಿಗೆ ಯಾರು ನಿಲ್ಲುತ್ತಾರೆ?

(ಕಾರ್ಮಿಕ ಸಂಘದ ಕಚೇರಿಯ ಮುಂದೆ ಭಾನುವಾರ ಸಂಜೆ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಮಂದಿ ಬೇರೊಬ್ಬನಿಗಾಗಿ ನ್ಯಾಯಾಲಯದಲ್ಲಿ ಜಾಮೀನು ನಿಂತಿದ್ದೀರಿ? ಕೈ ಎತ್ತಿ. ಮೂರು ಕೈ. ಆಯಿತು, ಇಳಿಸಿ. ಇನ್ನೊಂದು ಪ್ರಶ್ನೆ. ನಿಮ್ಮ ಮನೆಯವರನ್ನೋ, ನೆಂಟರನ್ನೋ, ನಿಮ್ಮ ಪಾಳಿಯಲ್ಲಿ ಕೆಲಸ ಮಾಡುವವರನ್ನೋ ಪೊಲೀಸರು ಹಿಡಿದುಕೊಂಡು ಹೋದದ್ದನ್ನು ಎಷ್ಟು ಮಂದಿ ಕಂಡಿದ್ದೀರಿ? ಈಗ ಎಣಿಸಲು ಆಗುತ್ತಿಲ್ಲ. ಈ ಎರಡು ಲೆಕ್ಕಗಳ ನಡುವೆ ಇರುವ ಅಂತರದ ವಿಷಯವನ್ನೇ ಇಂದು ನಾವು ಮಾತನಾಡಬೇಕೆಂದು ಬಂದಿದ್ದೇವೆ.

ನಮ್ಮ ಊರಿನಲ್ಲಿ ಒಬ್ಬನನ್ನು ಪೊಲೀಸು ಜೀಪಿನಲ್ಲಿ ಕೂರಿಸಿದರೆ ಸಾಕು, ಬೀದಿ ಅಲ್ಲೇ ತೀರ್ಪು ಕೊಟ್ಟುಬಿಡುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಹೋಟೆಲಿನಲ್ಲಿ ಕುಳಿತವರು ಕೇಳುತ್ತಾರೆ. ಸಾಯಂಕಾಲದೊಳಗೆ ಅವನ ಹೆಂಡತಿಗೆ ನಲ್ಲಿಯ ಹತ್ತಿರ ಯಾರೂ ಮಾತನಾಡಿಸುವುದಿಲ್ಲ. ಆದರೆ ಹಿಡಿಯುವವನು ಬೇರೆ, ತೀರ್ಪು ಕೊಡುವವನು ಬೇರೆ. ಹಿಡಿದವನೇ ತೀರ್ಪನ್ನೂ ಕೊಡುವುದಾದರೆ ನ್ಯಾಯಾಲಯದ ಕಟ್ಟಡವನ್ನು ಗೋದಾಮು ಮಾಡಿ ಬಾಡಿಗೆಗೆ ಕೊಡಬಹುದಾಗಿತ್ತು. ಆಪಾದನೆ ಹೊತ್ತವನು ಆಪಾದನೆ ಹೊತ್ತವನೇ ಹೊರತು ಅಪರಾಧಿಯಲ್ಲ. ಅವನು ಅಪರಾಧಿಯೆಂದು ತೋರಿಸುವ ಹೊಣೆ ಸರ್ಕಾರದ್ದು. ತಾನು ನಿರಪರಾಧಿಯೆಂದು ತೋರಿಸುವ ಹೊಣೆಯನ್ನು ಸಾಮಾನ್ಯವಾಗಿ ಅವನ ಮೇಲೆ ಹಾಕುವಂತಿಲ್ಲ. ಇದು ಕಳ್ಳರಿಗಾಗಿ ಮಾಡಿದ ಕಾನೂನಲ್ಲ. ಯಾರು ಕಳ್ಳ, ಯಾರು ಅಲ್ಲ ಎಂಬುದು ಮೊದಲ ದಿನವೇ ಯಾರಿಗೂ ತಿಳಿಯದು ಎಂಬ ಕಾರಣಕ್ಕಾಗಿ ಮಾಡಿದ ಕಾನೂನು.

ಸಂವಿಧಾನ ಸಭೆಯಲ್ಲಿ ಈ ವಿಷಯವಾಗಿ ದೊಡ್ಡ ವಾದವೇ ನಡೆಯಿತು. ಮೊದಲಿನ ಕರಡಿನಲ್ಲಿ ಸರ್ಕಾರದ ಕೈಗೆ ವಿಪರೀತ ಅಧಿಕಾರ ಹೋಗುತ್ತದೆಂದು ಅನೇಕ ಸದಸ್ಯರು ಅಸಮಾಧಾನಪಟ್ಟರು. 1949ರ ಸೆಪ್ಟೆಂಬರ್ ತಿಂಗಳಲ್ಲಿ ಡಾ. ಅಂಬೇಡ್ಕರ್ ಅವರು ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬೇಕೆಂದು ಹೊಸದೊಂದು ವಿಧಿಯನ್ನು ತಂದು ಸೇರಿಸಿದರು. ಅದೇ ಇಂದಿನ 22ನೆಯ ವಿಧಿ. ದಸ್ತಗಿರಿ ಮಾಡಿದವನಿಗೆ ಕಾರಣ ಹೇಳಬೇಕು. ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು. ಪ್ರಯಾಣದ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವು ಪೊಲೀಸಿನವರ ದಯೆಯಲ್ಲ, ದೇಶದ ಮೂಲ ಕಾನೂನು. ಅದೇ ವಿಧಿಯ ಕೆಳಭಾಗದಲ್ಲಿ ಮುಂಜಾಗ್ರತೆಯ ಬಂಧನಕ್ಕೆ ವಿನಾಯಿತಿ ಕೊಟ್ಟು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದೂ ಉಂಟು. ಅದು ಇನ್ನೊಂದು ದಿನದ ಭಾಷಣ.

ಇನ್ನು ಠಾಣೆಯ ಬಾಗಿಲಿಗೆ ಬರೋಣ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನು ಬಂದಿದೆ. ಹೆಸರು ಉದ್ದವಾಯಿತು, ಕಲಮುಗಳ ಅಂಕಿ ಬದಲಾಯಿತು. ನಿಮಗೆ ಬೇಕಾದ ಹಕ್ಕುಗಳು ಬಹುಮಟ್ಟಿಗೆ ಇದ್ದ ಹಾಗೆಯೇ ಇವೆ. "ಹೊಸ ಕಾನೂನು ಬಂದಿದೆ, ಅದೆಲ್ಲ ಈಗ ನಡೆಯೋದಿಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ನಿಮ್ಮವನೊಬ್ಬನನ್ನು ಕರೆದುಕೊಂಡು ಹೋದರೆಂದು ರಾತ್ರಿ ಹನ್ನೊಂದಕ್ಕೆ ಸುದ್ದಿ ಬರುತ್ತದೆ. ಮನೆಯವರು ಅಳುತ್ತಾ ಕೂರುತ್ತಾರೆ, ಇಲ್ಲವೇ ಯಾವುದೋ ಪುಢಾರಿಯ ಮನೆಗೆ ಓಡುತ್ತಾರೆ. ನಾವು ಹೇಳುವುದು, ಇಬ್ಬರು ಕೂಡಿ ನೆಟ್ಟಗೆ ಠಾಣೆಗೆ ಹೋಗಿ. ಜಗಳ ಬೇಡ, ಘೋಷಣೆಯೂ ಬೇಡ. "ಸ್ವಾಮಿ, ಇವರನ್ನು ದಸ್ತಗಿರಿ ಮಾಡಿದ್ದೀರಾ, ಬರೀ ವಿಚಾರಣೆಗೆ ಕರೆದಿದ್ದೀರಾ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬಹಳ ಬೆಲೆಯಿದೆ. ಏಕೆಂದರೆ ಸೋಮವಾರ ಹಿಡಿದು, ಎರಡು ದಿನ ಮೂಲೆಯಲ್ಲಿ ಕೂರಿಸಿ, ಬುಧವಾರ ದಸ್ತಗಿರಿಯಾಯಿತೆಂದು ಬರೆಯುವ ಪದ್ಧತಿ ಇದ್ದದ್ದೇ. ಇಪ್ಪತ್ತನಾಲ್ಕು ಗಂಟೆಯ ಗಡಿಯಾರ ಅವನನ್ನು ಹಿಡಿದಿಟ್ಟ ಗಳಿಗೆಯಿಂದ ಓಡಬೇಕು, ಬರೆದ ಗಳಿಗೆಯಿಂದಲ್ಲ. ನೀವು ಹೋಗಿ ಕೇಳಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರ ಮುಂದೆ ಆ ಚೀಟಿ ಕೆಲಸಕ್ಕೆ ಬರುತ್ತದೆ.

ದಸ್ತಗಿರಿಯೆಂದರೆ ಅದಕ್ಕೊಂದು ಕಾಗದವಾಗಬೇಕು. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಎಂಬುವರು ಠಾಣೆಗಳಲ್ಲಿ ಸಾಯುತ್ತಿರುವವರ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಕಾಗದ ಬರೆದರು. ಆ ಕಾಗದವೇ ಮೊಕದ್ದಮೆಯಾಗಿ, ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಿಡಿಯುವ ಪೊಲೀಸಿನವನ ಎದೆಯ ಮೇಲೆ ಹೆಸರು ಕಾಣಬೇಕು. ಹಿಡಿದ ದಿನ, ಹೊತ್ತು ಬರೆದ ದಸ್ತಗಿರಿ ಪತ್ರವಾಗಬೇಕು. ಅದಕ್ಕೆ ಮನೆಯವನೊಬ್ಬನೋ ಬೀದಿಯ ಗೌರವಸ್ಥನೊಬ್ಬನೋ ಸಾಕ್ಷಿ ಹಾಕಬೇಕು. ಬಂಧುವಿಗೆ ಸುದ್ದಿ ಮುಟ್ಟಿಸಬೇಕು. ನಲವತ್ತೆಂಟು ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ಅಂಗಡಿಯವರೇ, ಬೀದಿಯ ಗೌರವಸ್ಥನೆಂದರೆ ಬೇರೆ ಯಾರೂ ಅಲ್ಲ, ನೀವೇ. ಕರೆದಾಗ ಬಾಗಿಲು ಎಳೆದುಕೊಳ್ಳಬೇಡಿ.

ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಲದು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ. ದಸ್ತಗಿರಿಯ ಕಾರಣವನ್ನು ಬರಹದಲ್ಲಿ ಕೊಡಬೇಕು, ಅದೂ ಹಿಡಿದವನಿಗೆ ತಿಳಿಯುವ ಭಾಷೆಯಲ್ಲಿ. ಆ ಕ್ಷಣಕ್ಕೆ ಬರೆದು ಕೊಡಲಾಗದ ಸಂದರ್ಭವಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಎರಡು ಗಂಟೆ ಮೊದಲಾದರೂ ಕಾಗದ ಕೈ ಸೇರಿರಬೇಕು. ಇಲ್ಲವಾದರೆ ಆ ದಸ್ತಗಿರಿಯೇ ಕಾನೂನಿಗೆ ವಿರುದ್ಧ. ತಿಳಿಯುವ ಭಾಷೆ ಎಂಬ ಮಾತನ್ನು ಗಮನಿಸಿ. ನಮ್ಮ ಮಿಲ್ಲಿಗೆ ಬಿಹಾರದಿಂದ, ಒಡಿಶಾದಿಂದ ಬಂದ ಹುಡುಗರಿದ್ದಾರೆ. ಅವರ ಕೈಗೆ ಕನ್ನಡದ ಕಾಗದ ಕೊಟ್ಟರೆ ಕೊಟ್ಟಂತಾಗದು. ನಮ್ಮವನೊಬ್ಬ ಸೂರತ್ತಿನಲ್ಲಿ ಸಿಕ್ಕಿಬಿದ್ದರೆ ಗುಜರಾತಿ ಕಾಗದವೂ ಹಾಗೆಯೇ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಹಿಡಿಯಲೇಬೇಕೆಂದು ಇಲ್ಲ. 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿದರು. ಏಕೆ ಹಿಡಿಯಬೇಕಾಯಿತೆಂದು ಪೊಲೀಸಿನವನು ಕಾರಣ ಬರೆಯಬೇಕು. ಕಾರಣವಿಲ್ಲದಿದ್ದರೆ ನೋಟೀಸು ಕೊಟ್ಟು ಕರೆಸಬೇಕು. ನೋಟೀಸು ಬಂದರೆ ಮಾತ್ರ ತಪ್ಪದೆ ಹೋಗಿ. ಹೋಗದೆ ಕುಳಿತರೆ ಹಿಡಿಯಲು ನೀವೇ ಕಾರಣ ಕೊಟ್ಟಂತೆ. ಹೆಣ್ಣುಮಕ್ಕಳನ್ನು ಸೂರ್ಯಾಸ್ತವಾದ ಮೇಲೆ, ಸೂರ್ಯೋದಯಕ್ಕೆ ಮೊದಲು ಹಿಡಿಯುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದೇ ಬರಬೇಕು. ಠಾಣೆಯಲ್ಲಿ ಒಪ್ಪಿಕೊಂಡೆನೆಂದು ಬರೆಸಿಕೊಂಡ ಕಾಗದವನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಹಿಡಿಯಲಾಗದು. ಆದರೆ ಅವನು ತೋರಿಸಿದ ಜಾಗದಲ್ಲಿ ಮಾಲು ಸಿಕ್ಕಿತೆಂದರೆ ಅಷ್ಟರಮಟ್ಟಿಗೆ ಮಾತು ನಿಲ್ಲುತ್ತದೆ. ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು, ಎರಡೂ ಹಾಕಬೇಡಿ. ಇದನ್ನು ಎಷ್ಟು ಸಾರಿ ಹೇಳಿದರೂ ಕಡಿಮೆಯೇ.

ಹಿಂದಿನ ಸಾಲಿನಲ್ಲಿ ಕುಳಿತ ವರ್ತಕ ಮಿತ್ರರು ಇದೆಲ್ಲ ಮಿಲ್ಲಿನವರ ಪಾಡು ಎಂದು ನಗುತ್ತಿರಬಹುದು. ನಿಮಗೊಂದು ನಿಜಸಂಗತಿ ಹೇಳುತ್ತೇವೆ. ಚೆಕ್ಕು ವಾಪಸಾದ ಮೊಕದ್ದಮೆ ವ್ಯಾಪಾರದಲ್ಲಿ ಇದ್ದವರಿಗೆ ಹೊಸದೇನಲ್ಲ. ಸಮನ್ಸು ಬಂದಾಗ ಹೋಗದಿದ್ದರೆ ವಾರಂಟು ಹೊರಡುತ್ತದೆ. ನಮ್ಮ ರಾಜ್ಯದ ಉತ್ತರ ಭಾಗದಲ್ಲಿ ಅಂಥ ಚೆಕ್ಕಿನ ವಾರಂಟಿನ ಮೇಲೆ ಕಾನೂನು ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದು, ಕೈಗೆ ಬೇಡಿ ತೊಡಿಸಿ, ಜನರ ಕಣ್ಣೆದುರು ಕರೆದೊಯ್ದರು. ಅವನು ಧಾರವಾಡದ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋದ. ಕಾರಣವಿಲ್ಲದೆ ಬೇಡಿ ತೊಡಿಸಿದ್ದು ತಪ್ಪೆಂದು ಹೇಳಿ, 2022ರಲ್ಲಿ ನ್ಯಾಯಾಲಯ ಅವನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹೊಸ ಕಾನೂನಿನಲ್ಲಿ ಯಾವ ಯಾವ ಘೋರ ಅಪರಾಧಗಳಿಗೆ, ಎಂಥವರಿಗೆ ಬೇಡಿ ಹಾಕಬಹುದೆಂದು ಪಟ್ಟಿ ಕೊಟ್ಟಿದ್ದಾರೆ. ಚೆಕ್ಕು ಆ ಪಟ್ಟಿಯಲ್ಲಿ ಇಲ್ಲ. ಆ ಹುಡುಗ ಕಾನೂನು ಓದಿದ್ದರಿಂದ ಪೀಠದವರೆಗೆ ಹೋದ. ನಮ್ಮ ಕಾಳಿನ ಅಂಗಡಿಯವನಾಗಿದ್ದರೆ ಮುಖ ಮುಚ್ಚಿಕೊಂಡು ಮನೆಗೆ ಬಂದು ಮಲಗುತ್ತಿದ್ದ.

ಈಗ ಜಾಮೀನಿಗೆ ಬರುತ್ತೇವೆ. ಅಲ್ಲಿಯವರೆಗಿನ ಹಕ್ಕುಗಳೆಲ್ಲ ಕೆಲಸ ಮಾಡಿದುವೆಂದೇ ಇಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರು ಜಾಮೀನನ್ನೂ ಕೊಟ್ಟರು. ಆಮೇಲೆ?

ಜಾಮೀನು ಸಿಗುವ ಅಪರಾಧ, ಸಿಗದ ಅಪರಾಧ ಎಂದು ಕಾನೂನಿನಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಕೊಡಬೇಕು. ಬಡವನಾಗಿದ್ದು ಒಂದು ವಾರದಲ್ಲಿ ಜಾಮೀನುದಾರನನ್ನು ತರಲಾಗದಿದ್ದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಎರಡನೆಯದರಲ್ಲಿ ನ್ಯಾಯಾಲಯದ ವಿವೇಚನೆ. ಅಲ್ಲಿ ಸಾಮಾನ್ಯವಾಗಿ ಇಷ್ಟು ಸಾವಿರದ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ, ಕೆಲವೊಮ್ಮೆ ಇಬ್ಬರು ಎಂದು ಆಜ್ಞೆಯಾಗುತ್ತದೆ. ಮ್ಯಾಜಿಸ್ಟ್ರೇಟರು ಬರೆದದ್ದು ಎರಡು ಸಾಲು. ಆ ಎರಡು ಸಾಲಿಗೂ ಸೆರೆಮನೆಯ ಬಾಗಿಲಿಗೂ ನಡುವೆ ಎಷ್ಟು ದೂರವೆಂಬುದನ್ನು ಬಡವನೇ ಬಲ್ಲ.

ಮಧ್ಯಪ್ರದೇಶದಲ್ಲಿ ಮೋತಿರಾಂ ಎಂಬ ಒಬ್ಬ ಗಾರೆ ಕೆಲಸದವನಿದ್ದ. ಅವನ ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯದಲ್ಲಿತ್ತು. ಆ ನ್ಯಾಯಾಲಯವೇ ಅವನಿಗೆ ಜಾಮೀನು ಕೊಟ್ಟು, ಉಳಿದ ಏರ್ಪಾಡನ್ನು ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತು. ಕೆಳಗೆ ಹತ್ತು ಸಾವಿರ ರೂಪಾಯಿಗೆ ಜಾಮೀನುದಾರ ಬೇಕೆಂದರು. ಗಾರೆಯವನಿಗೆ, ಆ ಕಾಲದಲ್ಲಿ, ಹತ್ತು ಸಾವಿರ! ಅವನ ಅಣ್ಣತಮ್ಮಂದಿರಲ್ಲೊಬ್ಬ ನಿಲ್ಲುತ್ತೇನೆಂದು ಬಂದ. ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಅದು ನಡೆಯದು ಎಂದರು. ದೇಶದ ಅತಿ ದೊಡ್ಡ ನ್ಯಾಯಾಲಯ ಬಿಡು ಎಂದವನನ್ನು ಜಿಲ್ಲೆಯ ಗಡಿಯೊಂದು ಒಳಗೇ ಹಿಡಿದಿಟ್ಟಿತು. ಅವನು ಮತ್ತೆ ದೆಹಲಿಗೆ ಬರೆದುಕೊಂಡ. 1978ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪು ಬರೆದರು. ಅದರಲ್ಲಿ ನಮ್ಮವರ ಪ್ರಸ್ತಾಪವೂ ಇದೆ. ಮಲಯಾಳಿಯೋ ಕನ್ನಡಿಗನೋ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದರೆ ಆ ಊರಿನಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು ಅವರು ಕೇಳಿದರು. ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಜಾಮೀನುದಾರನನ್ನು ತಳ್ಳಬಾರದೆಂದು ಹೇಳಿ, ಮೋತಿರಾಮನನ್ನು ಅವನ ಸ್ವಂತ ಒಂದು ಸಾವಿರ ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡಲು ಆಜ್ಞೆ ಮಾಡಿದರು.

ಇದು 1978ರಲ್ಲೇ ತೀರ್ಮಾನವಾದ ಮಾತು. ಮರುವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಬಿಹಾರದ ಸೆರೆಮನೆಗಳ ಬಾಗಿಲು ತೆರೆದು ನೋಡಿದರೆ, ಅಪರಾಧ ರುಜುವಾದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆತವರು ಸಿಕ್ಕಿದರು. ಇಷ್ಟಾಗಿಯೂ 2022ರ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕ ಕೇಳಿ. ದೇಶದ ಸೆರೆಮನೆಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ನಾಲ್ವರಲ್ಲಿ ಮೂವರು! ಇವರಲ್ಲಿ ಕೆಲವರಿಗೆ ಜಾಮೀನು ಸಿಕ್ಕಿಯೂ ಇದೆ. ಆದೇಶ ಕಡತದಲ್ಲಿದೆ, ಮನುಷ್ಯ ಒಳಗಿದ್ದಾನೆ. ನಿಲ್ಲುವವರು ಬರಲಿಲ್ಲ, ಅಷ್ಟೆ.

ಇಲ್ಲಿ ನಾವು ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳದೆ ಮುಂದಿನ ಮಾತಾಡುವ ಅಧಿಕಾರ ನಮಗಿಲ್ಲ.

ಸಂಘಟನೆಯ ಕೆಲಸಕ್ಕೆ ಬರುವ ಮೊದಲು ನಾವು ಇದೇ ತಾಲ್ಲೂಕಿನ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆವು. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು, ಬರವಣಿಗೆಯಲ್ಲಿ ಸೋಮಾರಿ. ಅವನ ತಂದೆ ಮಿಲ್ಲಿನಲ್ಲಿ ರಾತ್ರಿ ಪಾಳಿ. ಒಂದು ದಿನ ನೂಲಿನ ಕಟ್ಟುಗಳು ಕಡಿಮೆ ಬಂದುವೆಂದು ಆ ಪಾಳಿಯ ನಾಲ್ವರನ್ನು ಹಿಡಿದುಕೊಂಡು ಹೋದರು. ಒಂಬತ್ತನೆಯ ದಿನ ಜಾಮೀನಾಯಿತು. ಇಪ್ಪತ್ತೈದು ಸಾವಿರಕ್ಕೆ ಒಬ್ಬ ಜಾಮೀನುದಾರ, ಅದೂ ಸ್ಥಳೀಯನೇ ಆಗಬೇಕು. ಮೂವರಿಗೆ ಹೇಗೋ ಜನ ಸಿಕ್ಕಿದರು. ಈತ ಪರಜಿಲ್ಲೆಯವನು. ಊರಿನಿಂದ ಅಣ್ಣ ಎರಡು ಎಕರೆಯ ಪಹಣಿ ಹಿಡಿದುಕೊಂಡು ಬಂದ. ಬೇರೆ ಜಿಲ್ಲೆಯದು ಆಗುವುದಿಲ್ಲವೆಂದು ಅವನನ್ನು ವಾಪಸು ಕಳುಹಿಸಿದರು. ಮೋತಿರಾಮನಿಗೆ ಆದದ್ದೇ. ಆದರೆ ಮೋತಿರಾಮನ ಹೆಸರು ಆಗ ನಮಗೂ ಗೊತ್ತಿರಲಿಲ್ಲ, ಆ ಅಣ್ಣನಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಹೇಳಲಿಲ್ಲ.

ಒಂದು ಸಂಜೆ ಹುಡುಗನ ತಾಯಿ ನಮ್ಮ ಮನೆಗೆ ಬಂದಳು. ಹುಡುಗ ಹೊಸಲಿನ ಆಚೆ ನಿಂತಿದ್ದ. "ಮೇಷ್ಟ್ರೇ, ಈ ಮನೆ ನಿಮ್ಮ ಹೆಸರಿನಾಗೇ ಐತಂತೆ. ನೀವೊಂದು ಸಹಿ ಹಾಕಿದ್ರೆ ಅವ್ರು ಮನೀಗ್ ಬರ್ತಾರೆ. ಅವ್ರು ಎಲ್ಲೂ ಓಡಿ ಹೋಗೋರಲ್ಲ" ಎಂದಳು. ಮನೆ ನಮ್ಮ ಹೆಸರಿನಲ್ಲೇ ಇತ್ತು. ಖಾತೆಯ ನಕಲು, ಕಂದಾಯದ ರಶೀದಿ ಪೆಟ್ಟಿಗೆಯಲ್ಲಿದ್ದುವು. ನಾವು ಏನು ಹೇಳಿದೆವು ಗೊತ್ತೇ? "ಮನೆ ಒಟ್ಟು ಕುಟುಂಬದ್ದಮ್ಮ, ಅಣ್ಣನನ್ನು ಕೇಳಬೇಕು" ಎಂದೆವು. ಸುಳ್ಳು. ಸಾಕ್ಷಿಗೆ ಹೋಗಬೇಡ, ಜಾಮೀನಿಗೆ ನಿಲ್ಲಬೇಡ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಬೇರೆ ಕೇಳಿದ್ದೆವು. ನಾಳೆ ಅವನು ತಪ್ಪಿಸಿಕೊಂಡರೆ ಮನೆಯನ್ನು ಹರಾಜು ಹಾಕುತ್ತಾರೆ, ನಮ್ಮನ್ನೂ ಒಳಗೆ ಹಾಕುತ್ತಾರೆ ಎಂಬ ಭಯ. ಆಕೆ ಹೆಚ್ಚು ಮಾತನಾಡಲಿಲ್ಲ. "ಕೇಳಿ ನೋಡಿ ಮೇಷ್ಟ್ರೇ" ಎಂದು ಹೋದಳು.

ಅವನು ಇನ್ನೂ ಐವತ್ತಮೂರು ದಿನ ಒಳಗಿದ್ದ. ಜಾಮೀನು ಸಿಕ್ಕಿದ ಮೇಲೆ ಐವತ್ತಮೂರು ದಿನ. ಹುಡುಗ ಮೊದಲು ವಾರಕ್ಕೆ ಎರಡು ದಿನ ಬಂದ, ಆಮೇಲೆ ಬರಲಿಲ್ಲ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆಂದು ಇನ್ನೊಬ್ಬ ಹುಡುಗ ಹೇಳಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಿನವೂ ಗೈರುಹಾಜರಿ ಗುರುತು ಹಾಕುತ್ತಾ ಹೋದವರು ನಾವೇ.

ಕೊನೆಗೆ ನಿಂತವನು ಯಾರು? ಅವನ ಬೀದಿಯ ಕಿರಾಣಿ ಅಂಗಡಿಯವನು. ಇಂದು ಈ ಸಭೆಯಲ್ಲೂ ಕುಳಿತಿದ್ದಾನೆ, ಹೆಸರು ಹೇಳಬೇಡಿ ಎಂದಿದ್ದಾನೆ. ನಾವು ಒಮ್ಮೆ ಅವನನ್ನು ಹೊಗಳಲು ಹೋದಾಗ ಏನೆಂದ ಕೇಳಿ. "ಹೊಗಳಬೇಡಿ ಮೇಷ್ಟ್ರೇ. ಮೂರು ತಿಂಗಳ ಬಾಕಿ ಇತ್ತು. ಅವನು ಒಳಗೇ ಕೂತ್ರೆ ಅದನ್ನ ಯಾರು ತೀರಿಸ್ತಾರೆ?" ಲೆಕ್ಕದ ಪುಸ್ತಕ ನೋಡಿ ನಿಂತನಂತೆ! ಆಗಲಿ. ಅಂಥ ಲೆಕ್ಕವಾದರೂ ಊರಿನಲ್ಲಿ ಇನ್ನಷ್ಟು ಮಂದಿಗೆ ಬರಲಿ. ಮೊಕದ್ದಮೆ ಮೂರು ವರ್ಷ ನಡೆಯಿತು. ನೂಲು ಕಳುವಾದದ್ದನ್ನೇ ಸರ್ಕಾರದ ಪಕ್ಷ ತೋರಿಸಲಾರದೆ ನಾಲ್ವರಿಗೂ ಬಿಡುಗಡೆಯಾಯಿತು. ಈತ ಒಂದು ವಾಯಿದೆಯನ್ನೂ ತಪ್ಪಿಸಿರಲಿಲ್ಲ. ಬಾಕಿಯೂ ತೀರಿತು. ಹುಡುಗ ಮಾತ್ರ ಶಾಲೆಗೆ ಮರಳಲಿಲ್ಲ.

ನಾವು ಹೆದರಿದ್ದು ಏತಕ್ಕೆ, ನಿಜವಾಗಿ ಇರುವ ಅಪಾಯ ಎಷ್ಟು ಎಂಬುದನ್ನು ಆಮೇಲೆ ವಕೀಲರೊಬ್ಬರ ಹತ್ತಿರ ಕುಳಿತು ತಿಳಿದುಕೊಂಡೆವು. ಅದನ್ನು ಮುಚ್ಚಿಡದೆ ಹೇಳುತ್ತೇವೆ. ಜಾಮೀನುದಾರನು ಅಪರಾಧಕ್ಕೆ ಹೊಣೆಯಲ್ಲ. ಈ ಮನುಷ್ಯ ಹೇಳಿದ ದಿನ ನ್ಯಾಯಾಲಯಕ್ಕೆ ಬರುತ್ತಾನೆ ಎಂಬುದಕ್ಕೆ ಮಾತ್ರ ಹೊಣೆ. ಅವನಿಗೆ ಶಿಕ್ಷೆಯಾದರೂ ನಿಮಗೆ ಆಗದು. ಅವನು ಬರದೆ ತಪ್ಪಿಸಿಕೊಂಡರೆ ನಿಮಗೆ ನೋಟೀಸು ಬರುತ್ತದೆ. ಏಕೆ ಹಣ ವಸೂಲು ಮಾಡಬಾರದು ಹೇಳಿ ಎಂದು ಕೇಳುತ್ತಾರೆ. ನಿಮ್ಮ ಸಮಾಧಾನ ಒಪ್ಪಿಗೆಯಾಗದಿದ್ದರೆ ಮುಚ್ಚಳಿಕೆಯ ಮೊತ್ತದವರೆಗೆ ಕಟ್ಟಬೇಕು. ಅದರಲ್ಲಿ ಸ್ವಲ್ಪ ಭಾಗವನ್ನು ಮಾಫಿ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಕಟ್ಟದೆ, ವಸೂಲೂ ಆಗದೆ ಹೋದರೆ ಆರು ತಿಂಗಳವರೆಗೆ ಸಿವಿಲ್ ಸೆರೆಮನೆಗೆ ಕಳುಹಿಸಬಹುದು. ಇದು ನಿಜವಾದ ಅಪಾಯ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವನ ನಡತೆ ಸರಿಯಿಲ್ಲವೆಂದು ಕಂಡರೆ ಯಾವಾಗ ಬೇಕಾದರೂ ಅರ್ಜಿ ಕೊಟ್ಟು ಜಾಮೀನಿನಿಂದ ಹೊರಗೆ ಬರಬಹುದು. ಆಗ ನ್ಯಾಯಾಲಯ ಅವನನ್ನು ಕರೆಸಿ ಬೇರೆ ಜಾಮೀನು ಕೇಳುತ್ತದೆ. ಹಣ ಕಟ್ಟಬೇಕೆಂಬ ಹೊಣೆ ಬೀಳುವ ಮೊದಲೇ ಜಾಮೀನುದಾರ ತೀರಿಕೊಂಡರೆ ಆ ಭಾರ ಮಕ್ಕಳ ಪಾಲಿನ ಆಸ್ತಿಗೆ ಬರುವುದಿಲ್ಲ. ನೀವು ಇದುವರೆಗೆ ಎಷ್ಟು ಮಂದಿಗೆ ನಿಂತಿದ್ದೀರೆಂದು ನಿಜವಾಗಿ ಬರೆದುಕೊಡಬೇಕು. ಅದರಲ್ಲಿ ಸುಳ್ಳು ಹೇಳಬೇಡಿ.

ಆದ್ದರಿಂದ ನಾವು ಕಂಡ ಕಂಡವರಿಗೆಲ್ಲ ನಿಲ್ಲಿ ಎನ್ನುವುದಿಲ್ಲ. ಮುಖ ಗೊತ್ತಿರುವವನಿಗೆ, ಮನೆ ಗೊತ್ತಿರುವವನಿಗೆ, ವಾಯಿದೆಯ ದಿನ ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿ ಎಬ್ಬಿಸಬಲ್ಲವನಿಗೆ ನಿಲ್ಲಿ. ನೀವು ಯಾರೂ ನಿಲ್ಲದಿದ್ದರೆ ಯಾರು ಬರುತ್ತಾರೆ? ಕೋರ್ಟಿನ ಆವರಣದಲ್ಲಿ ಬಾಡಿಗೆ ಜಾಮೀನುದಾರರು ಬರುತ್ತಾರೆ. ಸುಳ್ಳು ಪಹಣಿ, ಸುಳ್ಳು ಹೆಸರು. ಅದಕ್ಕೆ ಬಡವನ ಹೆಂಡತಿ ತಾಳಿ ಅಡವಿಡುತ್ತಾಳೆ. ಸುಳ್ಳು ಹೊರಬಿದ್ದ ದಿನ ಅವನು ಮತ್ತೆ ಒಳಗೆ. ಈ ವ್ಯಾಪಾರ ಬೆಳೆದದ್ದು ಗೌರವಸ್ಥರು ಬಾಗಿಲು ಮುಚ್ಚಿದ್ದರಿಂದ. ಅವರಲ್ಲಿ ನಾವೂ ಒಬ್ಬರು.

ಒಬ್ಬ ಗೆಳೆಯರು ಈ ಮೊದಲೇ ಕೇಳಿದ್ದರು: "ನನ್ನ ಅಂಗಡಿಗೆ ಕನ್ನ ಹಾಕಿದವನಿಗೂ ಜಾಮೀನು ಕೊಡಿಸುತ್ತೀರಾ?" ನ್ಯಾಯವಾದ ಪ್ರಶ್ನೆ. ಕನ್ನ ಹಾಕಿದವನಿಗೆ ಶಿಕ್ಷೆಯಾಗಲಿ, ನಿಮ್ಮ ಮಾಲು ನಿಮಗೆ ಸಿಗಲಿ. ಆದರೆ ಹಿಡಿದವನೇ ಕನ್ನ ಹಾಕಿದವನೋ ಎಂಬುದು ನಿಮಗೂ ಬೇಕಾದ ವಿಷಯವಲ್ಲವೇ? ತಪ್ಪಾದವನನ್ನು ಒಳಗಿಟ್ಟು ಕಡತ ಮುಚ್ಚಿದರೆ ನಿಜವಾದವನು ಮುಂದಿನ ಅಮಾವಾಸ್ಯೆಗೆ ನಿಮ್ಮ ಪಕ್ಕದ ಅಂಗಡಿಗೆ ಬರುತ್ತಾನೆ. ಸಾಕ್ಷಿಗಳನ್ನು ಹೆದರಿಸುವವನು, ಹೆಣ್ಣುಮಗಳ ಮೇಲೆ ಕೈ ಮಾಡಿ ಮತ್ತೆ ಅವಳ ಮನೆಯ ಮುಂದೆ ಸುಳಿಯುವವನು ಇಂಥವರಿಗೆ ಜಾಮೀನು ಕೊಡಬಾರದೆಂದು ವಾದಿಸಲು ಸರ್ಕಾರಿ ವಕೀಲರಿದ್ದಾರೆ. ಕಾನೂನಿನಲ್ಲಿ ಅದಕ್ಕೆ ಎಡೆಯೂ ಇದೆ. ಅಂಥವನಿಗೆ ನೀವು ನಿಲ್ಲಲೂ ಬೇಡಿ.

ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸೆರೆಮನೆಗೆ ಹೋದರು, ಡಾ. ಲೋಹಿಯಾ ಅವರನ್ನೂ ಅಲ್ಲಿ ದಸ್ತಗಿರಿ ಮಾಡಿದರು. ಸತ್ಯಾಗ್ರಹಿ ತಾನಾಗಿಯೇ ಒಳಗೆ ಹೋಗುತ್ತಾನೆ. ಜಾಮೀನು ಬೇಡ ಎನ್ನುವುದು ಅವನ ಹೆಮ್ಮೆ. ಆ ಹೆಮ್ಮೆಯ ನೆರಳಿನಲ್ಲಿ ನಮ್ಮಂಥ ಕಾರ್ಯಕರ್ತರು ಒಂದು ವಿಷಯ ಮರೆತೆವು. ಬೇಡ ಎನ್ನುವವನು ಬೇರೆ, ಬೇಕೆಂದು ಬೇಡುತ್ತಾ ಸಿಗದೆ ಕುಳಿತವನು ಬೇರೆ. ಮೊದಲಿನವನಿಗೆ ಹಾರ ಹಾಕಲು ನೂರು ಮಂದಿ ಸೇರುತ್ತೇವೆ. ಎರಡನೆಯವನ ಹೆಂಡತಿಗೆ ಮನೆ ಒಟ್ಟು ಕುಟುಂಬದ್ದು ಎನ್ನುತ್ತೇವೆ.

ಈಗ ಕೆಲಸಕ್ಕೆ ಬರುವ ಕೆಲವು ಮಾತು. ಜಾಮೀನು ಸಿಕ್ಕಿಯೂ ಹೊರಗೆ ಬರಲಾಗದವರ ವಿಷಯದಲ್ಲಿ 2023ರ ಜನವರಿ ಕೊನೆಗೆ ಸರ್ವೋಚ್ಚ ನ್ಯಾಯಾಲಯ ನಿರ್ದೇಶನ ಕೊಟ್ಟಿದೆ. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಸೆರೆಮನೆಯ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸಬಹುದೇ ಎಂದು ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬಿಡುಗಡೆ ತಡವಾಗಲು ಒಂದು ಕಾರಣವೆಂದು ಅಲ್ಲಿ ಮತ್ತೆ ಹೇಳಿದ್ದಾರೆ. ಮೋತಿರಾಮನಾದ ನಲವತ್ತೈದು ವರ್ಷದ ಮೇಲೆ! 2024ರ ಆಗಸ್ಟಿನಲ್ಲಿ, ಹಲವು ರಾಜ್ಯಗಳಲ್ಲಿ ಹದಿಮೂರು ಮೊಕದ್ದಮೆಗಳಿದ್ದ ಒಬ್ಬನ ವಿಷಯದಲ್ಲಿ, ಅಷ್ಟು ಜನ ಜಾಮೀನುದಾರರನ್ನು ಎಲ್ಲಿಂದ ತರಬೇಕು, ಅದೇ ಜಾಮೀನುದಾರರು ಹಲವಕ್ಕೆ ನಿಲ್ಲಲಿ ಎಂದು ಒಪ್ಪಿದ್ದಾರೆ. ಮುಚ್ಚಳಿಕೆಯ ಮೊತ್ತ ವಿಪರೀತವಾಗಬಾರದೆಂದು ಕಾನೂನಿನಲ್ಲೇ ಇದೆ. ಹೆಚ್ಚಾಯಿತೆಂದು ಕಂಡರೆ ಕಡಿಮೆ ಮಾಡಿಸಲು ಅರ್ಜಿ ಹಾಕಿಸಿ. ಹಣವಿಲ್ಲದ ವಿಚಾರಣಾ ಕೈದಿಗಳಿಗೆ ಜಾಮೀನಿನ ಹಣಕ್ಕಾಗಿ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆಯೂ 2023ರಿಂದ ಇದೆ. ಕಾನೂನು ಸೇವಾ ಪ್ರಾಧಿಕಾರದಲ್ಲೇ ವಿಚಾರಿಸಿ.

ಅರವತ್ತು ದಿನದಲ್ಲಿ, ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಘೋರ ಅಪರಾಧವಾದರೆ ತೊಂಬತ್ತು ದಿನದಲ್ಲಿ, ಪೊಲೀಸರು ಚಾರ್ಜ್‌ಶೀಟು ಹಾಕದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಬಾಯಿಬಿಟ್ಟು ಕೇಳಬೇಕು. ಕೇಳುವ ಮೊದಲು ಚಾರ್ಜ್‌ಶೀಟು ಬಂದುಬಿಟ್ಟರೆ ಹಕ್ಕು ಹೋಯಿತು. ದಿನ ಎಣಿಸುವುದು ಮನೆಯವರ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ಸಲ ಆಪಾದನೆ ಹೊತ್ತವನು, ಆ ಅಪರಾಧಕ್ಕಿರುವ ಹೆಚ್ಚಿನ ಶಿಕ್ಷೆಯ ಮೂರರಲ್ಲೊಂದು ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡಬೇಕೆಂದು ಹೊಸ ಕಾನೂನು ಹೇಳುತ್ತದೆ, ಉಳಿದವರಿಗೆ ಅರ್ಧ. ಗಲ್ಲು, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇದ್ದವರಿಗೂ ತೊಡಕಿದೆ.

ವಕೀಲರಿಗೆ ದುಡ್ಡಿಲ್ಲ ಎನ್ನುವವರು ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಯಾರಿಗೆ ಪುಕ್ಕಟೆ ವಕೀಲರು ಸಿಗಬೇಕೆಂದು ಪಟ್ಟಿಯಿದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು. ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂಬ ಪದವೂ ಇದೆ. ಅಂದರೆ ನೀವು. ಸಂಬಳ ಎಷ್ಟೆಂದು ಅದಕ್ಕೆ ಕೇಳುವಂತಿಲ್ಲ. ಈ ಪದ ಆ ಕಾಯಿದೆಯಲ್ಲಿದೆಯೆಂದು ನಮ್ಮ ಮಿಲ್ಲಿನ ಎಷ್ಟು 'ಮುಖಂಡರಿಗೆ' ಗೊತ್ತಿದೆಯೋ! ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿಯಿದೆ, ತಾಲ್ಲೂಕಿನಲ್ಲಿ ಸಮಿತಿಯಿದೆ, ಫೋನಿನಲ್ಲಿ 15100 ಒತ್ತಿದರೂ ಆಗುತ್ತದೆ. ಸಿಕ್ಕುವ ವಕೀಲರೆಲ್ಲ ಚುರುಕಾಗಿಯೇ ಇರುತ್ತಾರೆಂದು ನಾವು ಭರವಸೆ ಕೊಡಲಾರೆವು. ವಾಯಿದೆಗೆ ನಾಲ್ಕು ಮಂದಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರೆ ಅವರೂ ಸ್ವಲ್ಪ ಚುರುಕಾಗುತ್ತಾರೆ. ಇದು ನಮ್ಮ ಅನುಭವ.

ಸಂಘದ ಕಚೇರಿಯಲ್ಲಿ ನಾಳೆಯಿಂದ ಒಂದು ರಿಜಿಸ್ಟರು ಇಡುತ್ತೇವೆ. ಪಹಣಿಯೋ ಮನೆಯ ಖಾತೆಯೋ ಹೆಸರಿನಲ್ಲಿದ್ದು, ತಮಗೆ ಗೊತ್ತಿರುವ ಜೊತೆ ಕೆಲಸಗಾರನಿಗೆ, ನೆರೆಯವನಿಗೆ ನಿಲ್ಲಲು ಒಪ್ಪುವವರು ತಮ್ಮ ಹೆಸರು, ಬೀದಿ ಬರೆಸಬಹುದು. ಬರೆಸಿದ ಮಾತ್ರಕ್ಕೆ ನಿಲ್ಲಲೇಬೇಕೆಂದಿಲ್ಲ; ಪ್ರತಿ ಸಲವೂ ನಿಮ್ಮನ್ನು ಕೇಳಿಯೇ ಮುಂದಿನ ಮಾತು. ಇದಕ್ಕೆ ಯಾರಿಂದಲೂ ಒಂದು ಕಾಸೂ ತೆಗೆದುಕೊಳ್ಳುವಂತಿಲ್ಲ, ಕೊಡುವಂತಿಲ್ಲ. ವಾಯಿದೆಯ ದಿನಗಳನ್ನು ಸಂಘದ ಹುಡುಗರು ಗೋಡೆಯ ಮೇಲೆ ಬರೆದು, ಹಿಂದಿನ ಸಂಜೆ ಮನೆಗೆ ಹೋಗಿ ನೆನಪು ಮಾಡುತ್ತಾರೆ. ಕಚೇರಿ ಸಂಜೆ ಆರರಿಂದ ಎಂಟೂವರೆಯವರೆಗೆ ತೆರೆದಿರುತ್ತದೆ. ರಾತ್ರಿ ಪಾಳಿಯವರು ಬೆಳಿಗ್ಗೆ ಪಾಳಿ ಬಿಟ್ಟ ಮೇಲೆ ಬರಬಹುದು, ನಾವೇ ಇರುತ್ತೇವೆ. ಪಹಣಿಯ ನಕಲು, ಕಂದಾಯದ ರಶೀದಿ, ಆಧಾರ್ ಚೀಟಿ, ಎರಡು ಭಾವಚಿತ್ರ ತನ್ನಿ. ನಮ್ಮ ಮನೆಯ ಖಾತೆಯ ನಕಲನ್ನು ಮೊದಲನೆಯ ಹಾಳೆಗೆ ಅಂಟಿಸಿ ಇಟ್ಟಿದ್ದೇವೆ.